ಆ ಚಿತ್ರದಲ್ಲಿ ಇಲ್ಲದ ದೋಣಿ ಹಾಡು

ಚನ್ನಗಿರಿಯಲ್ಲಿ ನನ್ನ ವಯಸ್ಸಿನ ನಾಲ್ಕು ಜನ ಸೇರಿ ಹಳೆಯ ಸಿನಿಮಾಗಳ ಮಾತು ತೆಗೆದರೆ ಈಗಲೂ ಒಂದು ಚಿತ್ರ ಎಲ್ಲಕ್ಕಿಂತ ಮೊದಲು ಬರುತ್ತದೆ. ಹೆಸರು ಕೇಳಿದ ಕೂಡಲೇ ಯಾರಾದರೂ ಒಬ್ಬರು ಕಣ್ಣು ಅರ್ಧ ಮುಚ್ಚಿ, ‘ಆ ದೋಣಿ ಹಾಡು!’ ಎನ್ನುತ್ತಾರೆ. ಉಳಿದವರು ತಲೆದೂಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಚಿತ್ರದಲ್ಲಿ ದೋಣಿ ಹಾಡು ಇಲ್ಲ. ಯಾವತ್ತೂ ಇರಲಿಲ್ಲ. ಇಲ್ಲ ಎಂದು ಹೇಳಿದ ಒಬ್ಬ ಮನುಷ್ಯನನ್ನು ನಾವೆಲ್ಲ ಸೇರಿ ಸುಳ್ಳುಗಾರನನ್ನಾಗಿ ಮಾಡಿದೆವು. ಆ ಪಂಚಾಯಿತಿಯಲ್ಲಿ ತೀರ್ಪು ಹೇಳಿದವನು ನಾನು.

ಇದನ್ನು ಬರೆಯುವಾಗ ಆ ಕಾಲದ ಡೈರಿಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅವುಗಳಿಂದ ದೊಡ್ಡ ಸಹಾಯವೇನೂ ಆಗುತ್ತಿಲ್ಲ. ಹಾಡು ನೋಡಿದ ದಿನ ನಾನು ಬರೆದಿರುವುದು ಇಷ್ಟೇ: ‘ದೋಣಿ ಹಾಡು ಚೆನ್ನಾಗಿತ್ತು.’ ಹುಟ್ಟು ಹಾಕುತ್ತಿದ್ದವನ ಮುಖ ಕಂಡಿತೇ, ಇಲ್ಲವೇ ಎಂಬುದನ್ನು ಬರೆದಿಲ್ಲ. ಈಗ ಕಣ್ಣು ಮುಚ್ಚಿದರೆ ಆ ಚಿತ್ರದ ಹೀರೋನ ಮುಖ ಸ್ಪಷ್ಟವಾಗಿ ಕಾಣುತ್ತದೆ. ಅವನು ಆ ದೋಣಿಯ ಹತ್ತಿರಕ್ಕೂ ಹೋದವನಲ್ಲ ಎಂದು ಗೊತ್ತಿದ್ದೂ ಕಾಣುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು, ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲಿದ್ದೆ. ಸಂಜೆಯಾದರೆ ಬಸ್ ಸ್ಟ್ಯಾಂಡ್ ಎದುರಿನ ಟೈಲರ್ ಅಂಗಡಿಯ ಕಟ್ಟೆಗೆ ಹೋಗುತ್ತಿದ್ದೆ. ಅಲ್ಲಿ ಇದ್ದದ್ದು ಎರಡೇ ವಿಷಯ, ಅಡಿಕೆ ಧಾರಣೆ ಮತ್ತು ಸಿನಿಮಾ. ಧಾರಣೆಯ ಬಗ್ಗೆ ಜಗಳವಾಗುತ್ತಿರಲಿಲ್ಲ, ಅದನ್ನು ಬೇರೆ ಯಾರೋ ನಿರ್ಧಾರ ಮಾಡುತ್ತಿದ್ದರು. ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಎಂದು ಮಾತ್ರ ನಾವೇ ನಿರ್ಧರಿಸಬೇಕಿತ್ತು. ಹಾಗಾಗಿ ಗಂಟಲು ಹರಿಯುವಷ್ಟು ಜಗಳ.

ಊರ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಇತ್ತು. ಅಲ್ಲಿ ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದನ್ನು ಏರಿಸಬೇಕು. ಹೀಗೆ ಚಿತ್ರ ನಿಂತು ನಿಂತು ಓಡುವುದು ನಮಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ನಡುವೆ ಕಥೆ ಹಾರಿದರೂ ನಾವೇ ಮನಸ್ಸಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದೆವು. ಡೇರೆಯ ಮಾಲೀಕರು ಊರಿನ ಅಡಿಕೆ ವ್ಯಾಪಾರಸ್ಥರು, ಹಣೆ ತುಂಬ ವಿಭೂತಿ, ಎಲ್ಲರೂ ಎದ್ದು ನಿಂತು ನಮಸ್ಕಾರ ಮಾಡುವಂಥ ಮನುಷ್ಯ.

ಕಟ್ಟೆಯ ನಿಜವಾದ ಯಜಮಾನ ಟೈಲರ್. ಹೊಲಿಗೆ ಯಂತ್ರದ ಮುಂದೆ ತನ್ನ ಮೆಚ್ಚಿನ ನಟನ ಚಿತ್ರ ಅಂಟಿಸಿಕೊಂಡು, ಆ ನಟನ ಹೊಸ ಚಿತ್ರ ಬಂದ ದಿನ ಯಾರ ಬಟ್ಟೆಯನ್ನೂ ಮುಟ್ಟದವನು. ಅವನಿಗೆ ಎದುರಾಳಿ ಜಗಳೂರು ಕಡೆಯ ಒಬ್ಬ ಮೇಷ್ಟ್ರು. ಮೊದಲ ನೌಕರಿಗೆ ಎಂದು ಚನ್ನಗಿರಿಯ ಶಾಲೆಗೆ ಬಂದು, ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಸಣ್ಣಗೆ ಇದ್ದರು, ಮೆತ್ತಗೆ ಮಾತಾಡುತ್ತಿದ್ದರು, ಆದರೆ ಊರೆಲ್ಲ ಹೊಗಳಿದ್ದನ್ನು ಹೊಗಳುವ ಜಾಯಮಾನ ಅವರದಲ್ಲ.

‘ಮೇಷ್ಟ್ರೇ, ನೂರು ದಿನ ಓಡೈತ್ರಿ ದಾವಣಗೆರೆಯಾಗೆ. ಓಡದೆ ಇರೋದನ್ನ ಚಲೋ ಅಂತೀರಿ, ಓಡಿದ್ದನ್ನ ಡಬ್ಬ ಅಂತೀರಿ. ನಿಮಗೇನು ತಲೆ ನೆಟ್ಟಗೈತಾ?’ ಎಂದು ಟೈಲರ್ ಕೇಳಿದ್ದ.

‘ನಮ್ಮ ಜಗಳೂರು ಬಸ್ಸೂ ದಿನಾ ಓಡತೈತಪ್ಪ. ಒಳ್ಳೆ ಬಸ್ಸು ಅಂತ ಯಾರಾದ್ರೂ ಅಂದಿದ್ದು ಕೇಳೀಯೇನು?’ ಎಂದಿದ್ದರು ಮೇಷ್ಟ್ರು.

ಕಟ್ಟೆ ಬಿದ್ದು ಬಿದ್ದು ನಕ್ಕಿತ್ತು. ಆ ನಗು ಟೈಲರಿಗೆ ನಾಟಿತ್ತು ಎಂದು ಈಗ ಅನ್ನಿಸುತ್ತದೆ. ಅವತ್ತು ಅನ್ನಿಸಿತ್ತೋ ಇಲ್ಲವೋ ಗೊತ್ತಿಲ್ಲ.

ದಸರಾ ರಜೆ ಮುಗಿಸಿ ಮೇಷ್ಟ್ರು ಊರಿನಿಂದ ಬಂದ ಸ್ವಲ್ಪ ದಿನಕ್ಕೆ ನಮ್ಮ ಡೇರೆಗೆ ಒಂದು ಸಣ್ಣ ಚಿತ್ರ ಬಂತು. ಹೆಸರಾಂತ ನಟರು ಯಾರೂ ಇಲ್ಲ. ಒಬ್ಬ ಮುದುಕ ಅಂಬಿಗ, ಅವನ ಮಗಳು, ಹೊಳೆಗೆ ಕಟ್ಟುತ್ತಿರುವ ಸೇತುವೆ. ಸೇತುವೆ ಮುಗಿಯುತ್ತದೆ, ದೋಣಿಯ ಕೆಲಸ ನಿಲ್ಲುತ್ತದೆ. ಮೇಷ್ಟ್ರು ಅದನ್ನು ರಜೆಯಲ್ಲಿ ಜಗಳೂರಿನ ಟಾಕೀಸಿನಲ್ಲಿ ನೋಡಿದ್ದರು. ವಾರದ ಮೊದಲಿನಿಂದಲೇ ಕಟ್ಟೆಯಲ್ಲಿ ಎಲ್ಲರ ಕೈ ಹಿಡಿದು ‘ನೋಡ್ರಿ, ಬಿಡಬ್ಯಾಡ್ರಿ’ ಎಂದು ಹೇಳಿದ್ದರು. ಒಮ್ಮೆ ನೋಡಿದ್ದ ಅವರು ಮತ್ತೆ ಹೋಗಲಿಲ್ಲ, ನಾವು ನೋಡಿದೆವು. ತಲೆ ಬುಡ ತಿಳಿಯಲಿಲ್ಲ. ಮೂರನೆಯ ದಿನಕ್ಕೆ ಡೇರೆ ಖಾಲಿ.

‘ಮುದುಕ ದೋಣ್ಯಾಗೆ ಕುಂತ. ಮುದುಕ ದೋಣಿಯಿಂದ ಎದ್ದ. ಮಧ್ಯೆ ಏನಾತು ಮೇಷ್ಟ್ರೇ? ನಮಗೇನೋ ತಿಳೀಲಿಲ್ಲ, ಓದಿದೋರು ನೀವು ಹೇಳ್ರಿ’ ಎಂದ ಟೈಲರ್, ಸೂಜಿಗೆ ದಾರ ಪೋಣಿಸುತ್ತ.

‘ಮಧ್ಯೆ ಹಾಡೈತಲ್ಲಪ್ಪ! ತಲೆ ಮ್ಯಾಲೆ ಕಂಬಳಿ ಕೊಪ್ಪೆ ಹಾಕ್ಕಂಡು ಮಂಜಿನಾಗೆ ಕೊನೇ ಸಲ ದೋಣಿ ದಾಟಿಸ್ತಾನೆ. ಮುಖಾನೂ ತೋರ್ಸಲ್ಲ. ಬರೀ ಬೆನ್ನು, ನೀರು, ಹಾಡು. ಇಡೀ ಪಿಕ್ಚರ್ ಇರೋದೇ ಆ ಹಾಡಿನಾಗೆ.’

‘ಯಾವ ಹಾಡು?’ ಎಂದೆ ನಾನು. ನಾನು ನೋಡಿದಾಗ ಅಂಥ ಹಾಡೇ ಇರಲಿಲ್ಲ. ಬೇರೆ ಯಾರೂ ಆ ಹಾಡನ್ನು ನೋಡಿರಲಿಲ್ಲ.

‘ಜಗಳೂರಿನಾಗೆ ಪರದೆ ಕಟ್ತಾರೋ, ಪಂಚೆ ಕಟ್ತಾರೋ? ನಿಮಗೆ ಕನಸು ಬಿದ್ದಿರಬೇಕು’ ಎಂದ ಟೈಲರ್. ಅವತ್ತಿಗೆ ಮಾತು ತಮಾಷೆಯಲ್ಲಿಯೇ ಮುಗಿಯಿತು.

ಮುಂದಿನ ವಾರ ಟೈಲರನ ಮೆಚ್ಚಿನ ನಟನ ದೊಡ್ಡ ಚಿತ್ರ ಬಂತು. ಕತ್ತಲಗೆರೆ, ತ್ಯಾವಣಿಗೆಯಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ಹೀರೋ ಸುಳ್ಳು ಆಪಾದನೆ ಹೊತ್ತು ಊರು ಬಿಟ್ಟು ಹೋಗುವ ಜಾಗದಲ್ಲಿ ದೀಪ ಹತ್ತಿ, ಆರಿ, ಪರದೆಯ ಮೇಲೆ ಮಂಜು, ಹೊಳೆ, ಕಂಬಳಿ ಕೊಪ್ಪೆಯ ಒಂದು ಬೆನ್ನು ಬಂತು. ಹಾಡು ಶುರುವಾಯಿತು. ಅಲ್ಲಿಯವರೆಗೆ ಕೂಗಾಡುತ್ತಿದ್ದ ಡೇರೆ ತಣ್ಣಗಾಯಿತು. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು. ಹಾಡು ಮುಗಿದ ಮೇಲೆ ಮತ್ತೆ ಹೀರೋ, ಪಟ್ಟಣ, ಹೊಡೆದಾಟ. ಅವನು ಹೊಳೆ ದಾಟಿ ಪಟ್ಟಣಕ್ಕೆ ಬಂದ ಎಂದು ನಾವು ಗಂಟು ಹಾಕಿಕೊಂಡೆವು. ನಾನೂ ಹಾಕಿಕೊಂಡೆ, ಎಂ.ಎ. ಆದವನು.

ದೋಣಿ ಹಾಡಿನ ಸುದ್ದಿ ಕೇಳಿ ಮರುದಿನ ಸಂಜೆ ಮೇಷ್ಟ್ರು ಹೋಗಿ ನೋಡಿದರು. ಆಟ ಬಿಟ್ಟ ಕೂಡಲೇ ನೇರ ಕಟ್ಟೆಗೆ ಬಂದರು.

‘ಅದು ಈ ಪಿಕ್ಚರ್ ಹಾಡಲ್ಲ. ಹೋದ ವಾರದ ಪಿಕ್ಚರಿಂದು. ನಾನು ಹೇಳಿದ್ನಲ್ರೀ, ಅದೇ ಹಾಡು. ಅಲ್ಲಿಂದ ಕತ್ತರಿಸಿ ಇಲ್ಲಿಗೆ ಹಾಕ್ಯಾರೆ!’

ಆಗ ನಾವು ಸ್ವಲ್ಪ ತಲೆ ಓಡಿಸಿದ್ದರೆ ಸಾಕಿತ್ತು. ಹಾಡನ್ನು ಅವರು ಒಂದು ವಾರ ಮೊದಲೇ ಕೊಪ್ಪೆ, ಮಂಜು, ಬೆನ್ನು ಎಂದು ವರ್ಣಿಸಿದ್ದರು. ಅದೇ ಸಾಕ್ಷಿ. ಆದರೆ ಟೈಲರ್ ಅದೇ ಸಾಕ್ಷಿಯನ್ನು ತಿರುಗಿಸಿ ಹಿಡಿದ.

‘ಈಗ ತಿಳೀತು ಬಿಡ್ರಿ. ನೀವು ಈ ಪಿಕ್ಚರನ್ನೂ ಮೊದಲೇ ಎಲ್ಲೋ ನೋಡೀರಿ. ನಮ್ಮ ಹೀರೋ ಹಾಡನ್ನ ಕದ್ದು ಆ ಮುದುಕಂಗೆ ಕೊಟ್ಟೀರಿ. ಆ ಡಬ್ಬಕ್ಕೆ ಮರ್ಯಾದಿ ತರಾಕೆ!’

‘ಈ ಪಿಕ್ಚರನ್ನೂ ನೋಡೀನಿ, ಜಗಳೂರಾಗೆ. ಇದರಾಗೆ ದೋಣಿ ಹಾಡೇ ಇಲ್ಲ. ಒಂದು ಸಲ ಬರ್ರಿ, ನಮ್ಮೂರೋರನ್ನ ಕೇಳ್ರಿ.’

‘ಜಗಳೂರೋರು ಜಗಳೂರೋರ ಕಡೆಗೇ ಹೇಳ್ತಾರೆ.’

ಮಾತು ಮಾಲೀಕರ ಕಿವಿಗೆ ಬಿತ್ತು. ಚಿತ್ರ ಕತ್ತರಿಸುತ್ತಾರೆ ಎಂದರೆ ಕಳ್ಳತನದ ಆಪಾದನೆ. ದಾವಣಗೆರೆಯಿಂದ ರೀಲುಗಳ ಪೆಟ್ಟಿಗೆ ಕೊಟ್ಟವರಿಗೆ ಗೊತ್ತಾದರೆ ಮುಂದೆ ಚಿತ್ರ ಕೊಡುವುದಿಲ್ಲ. ಭಾನುವಾರ ಬೆಳಿಗ್ಗೆ ಅವರೇ ಕಟ್ಟೆಗೆ ಬಂದರು. ಕುರ್ಚಿ ತರಿಸಲಾಯಿತು. ಗಂಟಲು ಮುಟ್ಟಿಕೊಂಡು, ‘ಬಂದ ಪೆಟ್ಟಿಗಿ ಬಂದಂಗೆ ಓಡಿಸೀವಿ. ದೇವರಾಣಿ. ಇನ್ನು ನೀವು ಹೆಂಗೆ ಹೇಳ್ತೀರೋ ಹಂಗೆ’ ಎಂದರು. ಅವರ ಆಪರೇಟರ್ ಹಿಂದೆ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಪ್ರೊಜೆಕ್ಟರನ್ನು ಕೈಯಾರೆ ಓಡಿಸುವವನನ್ನು ಬಿಟ್ಟು, ಕುರ್ಚಿಯ ಮೇಲೆ ಕೂತವರನ್ನು ಕೇಳಿದೆವು.

‘ನೀವು ಓದಿದೋರು. ನೀವೇ ಹೇಳ್ರಿ’ ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಏನು ಹೇಳಿದೆ ಎಂಬುದು ಡೈರಿಯಲ್ಲಿದೆ. ಓದಲು ನಾಚಿಕೆಯಾಗುತ್ತದೆ. ನೆನಪು ಎಂಬುದು ನಂಬಿಕೆಗೆ ಅರ್ಹವಲ್ಲ, ಮನಸ್ಸು ಎರಡು ಘಟನೆಗಳನ್ನು ಒಂದು ಮಾಡಿಬಿಡುತ್ತದೆ, ಮೇಷ್ಟ್ರು ಸುಳ್ಳು ಹೇಳುತ್ತಿಲ್ಲ, ಆದರೆ ಅವರ ನೆನಪು ಕಲಸಿಹೋಗಿದೆ ಎಂದೆ. ಎಷ್ಟು ನಯವಾದ ಮಾತು! ಮೈಸೂರಿನ ಗ್ರಂಥಾಲಯದಲ್ಲಿ ಕೂತು ಓದಿದ್ದನ್ನು ಆ ಬಡಪಾಯಿಯ ಮೇಲೆ ಪ್ರಯೋಗ ಮಾಡಿದೆ. ನೆನಪನ್ನು ಅನುಮಾನಿಸಬೇಕು ಎಂದು ಇವತ್ತಿಗೂ ನಂಬಿದ್ದೇನೆ. ಅವತ್ತು ಅಷ್ಟು ಜನರಲ್ಲಿ ಅನುಮಾನಿಸಿದ್ದು ಮಾತ್ರ ಒಬ್ಬನ ನೆನಪನ್ನು. ಅವನು ಹೊರಗಿನವನು, ಒಂಟಿ, ಮೆತ್ತಗೆ ಮಾತಾಡುವವನು. ದಾವಣಗೆರೆಗೆ ದಿನಕ್ಕೆ ಎಷ್ಟೊಂದು ಬಸ್ಸುಗಳಿದ್ದವು. ಒಂದು ಹತ್ತಿ ಹೋಗಿ ವಿಚಾರಿಸಬಹುದಿತ್ತು. ನಾನು ಎದ್ದು ಹೋಗಲಿಲ್ಲ, ತತ್ವ ಹೇಳಿದೆ.

ನಮ್ಮ ಕಡೆ ಪಂಚಾಯಿತಿಯಲ್ಲಿ ತಪ್ಪು ಯಾರದು ಎಂದು ತೀರ್ಮಾನವಾದರೆ, ತಪ್ಪಿತಸ್ಥ ಎದುರಿನವರ ಕೈಗೆ ಎಲೆ ಅಡಿಕೆ ಕೊಟ್ಟು ‘ತಪ್ಪಾತು’ ಎನ್ನಬೇಕು. ಹೊಲದ ಬದು, ಮದುವೆಯ ಮಾತು, ಇಂಥವಕ್ಕೆ ಇದ್ದ ಪದ್ಧತಿ. ಅದನ್ನು ಒಂದು ಸಿನಿಮಾ ಹಾಡಿಗೆ ತಂದರು. ಟೈಲರ್ ಓಡಿಹೋಗಿ ಎಲೆ ಅಡಿಕೆ ತಂದ. ಮೇಷ್ಟ್ರು ಅದನ್ನು ಹಿಡಿದುಕೊಂಡರು. ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ, ಇದು ಡೈರಿಯಲ್ಲಿಲ್ಲ, ಆದರೆ ನಿಜ. ಅವರು ಮಾಲೀಕರ ಕೈಗೆ ಕೊಟ್ಟು ‘ತಪ್ಪಾತ್ರಿ’ ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವರಿಗೆ ‘ದೋಣಿ ಮೇಷ್ಟ್ರು’ ಎಂಬ ಹೆಸರು ಬಿತ್ತು. ಪರೀಕ್ಷೆಯಲ್ಲಿ ಒಬ್ಬ ಹುಡುಗ ನಕಲು ಮಾಡಿದ್ದನ್ನು ಅವರು ಹಿಡಿದರೆ, ಅವನ ಅಪ್ಪ ಶಾಲೆಗೆ ಬಂದು, ‘ಊರೆಲ್ಲ ಕಂಡ ಹಾಡನ್ನೇ ಇಲ್ಲ ಅಂದೋರು, ನಮ್ಮ ಹುಡುಗನ ಕೈಯಾಗೆ ಇಲ್ಲದ ಚೀಟಿ ಕಂಡಿರ್ತೀರಿ ಬಿಡ್ರಿ’ ಎಂದನಂತೆ. ಹೆಡ್ ಮಾಸ್ಟರು ನಕ್ಕುಬಿಟ್ಟರಂತೆ. ಹುಡುಗ ಪಾಸಾದ. ಮೇಷ್ಟ್ರ ಹತ್ತಿರ ಇದ್ದ ಒಂದೇ ಆಸ್ತಿ ಅವರ ಮಾತು. ಪಾಠ ಹೇಳುವವನಿಗೆ ಇನ್ನೇನಿರುತ್ತದೆ? ಅದನ್ನು ಕಿತ್ತುಕೊಂಡೆವು. ಆಮೇಲೆ ಅವರು ಕಟ್ಟೆಗೆ ಬರಲಿಲ್ಲ. ಮುಂದಿನ ವರ್ಷ ಕೇಳಿ ವರ್ಗ ಮಾಡಿಸಿಕೊಂಡು ಹೊನ್ನಾಳಿಗೆ ಹೋದರು.

ಎಂಬತ್ತರ ದಶಕದಲ್ಲಿ ನನಗೆ ನ್ಯಾಮತಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅಲ್ಲಿಗೂ ಒಂದು ಡೇರೆ ಬಂತು. ಮಧ್ಯಾಹ್ನ ಆ ದಾರಿಯಲ್ಲಿ ನಡೆದು ಬರುವಾಗ ಒಬ್ಬ ನೆರಳಿನಲ್ಲಿ ಕೂತು ಕೈಯಲ್ಲಿ ರೀಲು ಸುತ್ತುತ್ತಿದ್ದ. ಚನ್ನಗಿರಿಯ ಅದೇ ಆಪರೇಟರ್, ಈಗ ಬೇರೆ ಮಾಲೀಕನ ಹತ್ತಿರ. ನನ್ನನ್ನು ಗುರುತು ಹಿಡಿದು ಚಹಾ ತರಿಸಿದ. ತನ್ನ ಕಸುಬಿನ ಬಗ್ಗೆ ಹೇಳುತ್ತ ಹೇಳುತ್ತ, ನಾನು ಕೇಳದೆಯೇ, ಹೆಮ್ಮೆಯಿಂದ ಅಂದ:

‘ನಿಮ್ಮೂರಾಗೆ ಒಂದು ದೊಡ್ಡ ಪಿಕ್ಚರ್‌ಗೆ ಹಾಡು ಕೊಟ್ಟೋನೇ ನಾನು ಸಾರ್.’

‘ಅಂದರೆ?’

‘ಅದರ ಹಾಡು ಹರಿದು ಚಿಂದಿಯಾಗಿ ಬಂದಿತ್ತು. ಹಾಕಿದ್ರೆ ಮಿಷಿನ್ನಾಗೆ ಕಿತ್ತೋಗೋದು. ಹಿಂದಿನ ವಾರ ಒಂದು ಮುದುಕನ ಪಿಕ್ಚರ್ ಬಂದಿತ್ತು ನೋಡ್ರಿ, ಬಲು ನಿಧಾನ. ತ್ಯಾವಣಿಗೆ ಬಸ್ಸು ತಪ್ಪತೈತೆ ಅಂತ ಜನ ಎದ್ದು ಹೋಗ್ತಾರೆ, ಒಂದು ರೀಲು ಹಾಕ್ಬ್ಯಾಡ ಅಂತ ಮೊದಲ ದಿನವೇ ಮಾಲೀಕ್ರು ಅಂದಿದ್ರು. ಅದರಾಗಿತ್ತು ಹಾಡು. ಪೆಟ್ಟಿಗಿ ವಾಪಸ್ ಕಳ್ಸೋವಾಗ ಯಾವತ್ತಾದ್ರೂ ಬೇಕಾಗತೈತೆ ಅಂತ ಹಾಡಷ್ಟೇ ಕತ್ತರಿಸಿ ಇಟ್ಕಂಡೆ. ಇದಕ್ಕೆ ಹಾಕಿದೆ. ಹೆಂಗೆ ಕುಂತಿತ್ತು! ಹೆಣ್ಮಕ್ಕಳು ಅತ್ತಿದ್ರಲ್ಲ ಸಾರ್, ನೋಡ್ಲಿಲ್ವಾ?’

ನಾನು ಚಹಾ ಕೆಳಗಿಟ್ಟೆ.

‘ಮೇಷ್ಟ್ರ ಕೈಲಿ ಎಲೆ ಅಡಿಕೆ ಕೊಡಿಸಿದಾಗ ನೀನು ಅಲ್ಲೇ ನಿಂತಿದ್ದೆಯಲ್ಲ.’

‘ನಿಂತಿದ್ದೆ. ನನ್ನ ಯಾರು ಕೇಳಿದ್ರು ಸಾರ್? ನೀವು ಕೇಳಿದ್ರಾ?’ ಎಂದು ಮತ್ತೆ ರೀಲು ಸುತ್ತತೊಡಗಿದ.

ಸಿಟ್ಟಿನಲ್ಲಿ ಆ ಶನಿವಾರವೇ ಚನ್ನಗಿರಿಗೆ ಹೋದೆ. ಮಾಲೀಕರು ಡೇರೆ ಬಿಟ್ಟು ಅಡಿಕೆ ವ್ಯಾಪಾರವನ್ನಷ್ಟೇ ನೋಡಿಕೊಳ್ಳುತ್ತಿದ್ದರು. ನಾನು ಹಾಡಿನ ಮಾತೆತ್ತಿದ ಕೂಡಲೇ, ನ್ಯಾಮತಿ ಕಡೆ ಧಾರಣೆ ಹೆಂಗೈತೆ ಎಂದು ಕೇಳಿದರು. ಕಟ್ಟೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಯ್ಯೋ ಎನ್ನುತ್ತಾರೆ ಎಂದುಕೊಂಡಿದ್ದೆ. ಟೈಲರ್ ಕಾಲಿನ ಪೆಡಲ್ ನಿಲ್ಲಿಸಲೂ ಇಲ್ಲ.

‘ಎಲ್ಲಿಂದ ತಂದ್ರೇನು ಸಾರ್? ಕುಂತಿದ್ದು ನಮ್ಮ ಹೀರೋ ಪಿಕ್ಚರ್‌ನಾಗೆ. ಆ ಮುದುಕಂತಾವ ಇದ್ದಿದ್ರೆ ಯಾರು ನೋಡೋರು?’

‘ನೋಡೋದಕ್ಕೆ ನಮ್ಮನ್ನು ಬಿಟ್ಟರೆ ತಾನೇ! ಹಾಡು ಕಿತ್ತುಕೊಂಡು ಆ ಚಿತ್ರ ಡಬ್ಬ ಎಂದೆವು. ಕಿತ್ತ ಹಾಡನ್ನು ಇದಕ್ಕೆ ಹಾಕಿ ಇದು ಅಮೋಘ ಎಂದೆವು. ನಿಜ ಹೇಳಿದವನ ಕೈಲಿ ತಪ್ಪಾಯಿತು ಅನ್ನಿಸಿದೆವು.’

‘ನೀವೇ ಅಲ್ವೇನ್ರಿ ತೀರ್ಪು ಕೊಟ್ಟಿದ್ದು? ಈಗ ನಮ್ಮ ಮೇಲೆ ಯಾಕೆ ಹಾರಾಡ್ತೀರಿ?’ ಎಂದ ಅವನು. ಕಟ್ಟೆ ನಕ್ಕಿತು. ಅವನು ಹೇಳಿದ್ದು ನಿಜ. ನಿಜವಾದದ್ದಕ್ಕೆ ಇನ್ನೂ ಸಿಟ್ಟು ಬಂತು.

ಉಳಿದದ್ದು ಮೇಷ್ಟ್ರು. ಮರುವಾರ ನ್ಯಾಮತಿಯಿಂದ ಹೊನ್ನಾಳಿ ಬಸ್ಸು ಹತ್ತಿದೆ. ಶಾಲೆಯಲ್ಲಿ ಮಧ್ಯಾಹ್ನದ ಬಿಡುವು. ಅವರು ಜಗಲಿಯಲ್ಲಿ ಕೂತು ಕಾಪಿ ಪುಸ್ತಕ ತಿದ್ದುತ್ತಿದ್ದರು. ಕೂದಲು ಉದುರಿತ್ತು. ನನ್ನನ್ನು ನೋಡಿ ಎದ್ದು, ‘ಬರ್ರಿ, ಕುಂದರ್ರಿ’ ಎಂದು ಬೆಂಚು ಸರಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ಆಪರೇಟರ್ ಹೇಳಿದ್ದು, ಕತ್ತರಿಸಿದ್ದು, ಅಂಟಿಸಿದ್ದು. ನಿಮ್ಮ ಮಾತೇ ನಿಜವಾಗಿತ್ತು, ನನ್ನನ್ನು ಕ್ಷಮಿಸಬೇಕು ಎಂದೆ. ಅವರ ಮುಖ ಅರಳುತ್ತದೆ ಎಂದು ಕಾದೆ. ಕ್ಷಮೆ ಕೇಳಲು ಹೋದವನಿಗೆ ಅಂಥ ಆಸೆ ಇರಬಾರದು, ಆದರೆ ಇತ್ತು.

ಅವರು ಪೆನ್ನಿನ ಕ್ಯಾಪ್ ಹಾಕಿದರು.

‘ಅವತ್ತು ಮಾಲೀಕ್ರು ಹೇಳಿದ್ರು, ನಂಬಿದ್ರಿ. ಈಗ ಆಪರೇಟರ್ ಹೇಳ್ಯಾನೆ, ನಂಬೀರಿ. ನಾನು ಹೇಳಿದ್ದನ್ನ ನಂಬಿದ್ದು ಯಾವತ್ರಿ? ಇವತ್ತೂ ನಂಬಿಲ್ಲ. ಅವನು ಹೇಳಿದ್ದಕ್ಕೆ ಬಂದೀರಿ.’

ಧ್ವನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

‘ಆ ಚಿತ್ರಕ್ಕೂ ಅನ್ಯಾಯವಾಯಿತು ಮೇಷ್ಟ್ರೇ. ಎಂಥ ದೊಡ್ಡ ಚಿತ್ರ. ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ’ ಎಂದೆ.

‘ದೊಡ್ಡ ಚಿತ್ರ ಅಂತ ನಿಮಗೆ ಹೆಂಗೆ ಗೊತ್ತು? ಪೂರ್ತಿ ನೋಡಿದ್ರಾ?’

‘ಇಲ್ಲ.’

‘ಆವಾಗ ನೋಡ್ದೆ ಕೆಟ್ಟದು ಅಂದ್ರಿ. ಈಗ ನೋಡ್ದೆ ಒಳ್ಳೇದು ಅಂತೀರಿ. ನಿಮ್ಮ ಟೈಲರೇ ವಾಸಿ ಕಣ್ರೀ. ಅವನು ನೋಡಿದ್ದನ್ನ ಹೊಗಳ್ತಾನೆ.’

ಗಂಟೆ ಹೊಡೆಯಿತು. ಮಕ್ಕಳು ಒಳಗೆ ಓಡಿದರು. ಮೇಷ್ಟ್ರು ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ಎದ್ದರು. ಊಟ ಮಾಡಿ ಹೋಗ್ರಿ, ಮನೆ ಇಲ್ಲೇ ಹಿಂದಿನ ಬೀದಿ, ಮನೆಯಾಕೆಗೆ ಹೇಳಿ ಕಳಿಸ್ತೀನಿ ಎಂದರು. ನಾನು ಬೇಡ ಎಂದೆ. ಅವರು ಒತ್ತಾಯ ಮಾಡಲಿಲ್ಲ.

ಆಮೇಲೆ ದಾವಣಗೆರೆಗೆ ಹೋಗಿ ವಿಚಾರಿಸಿದೆ, ಹೋಗಬೇಕಾದ ಕಾಲಕ್ಕೆ ಹೋಗದೆ. ಆ ಚಿತ್ರದ ಪೆಟ್ಟಿಗೆ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹೆಸರು ಹೇಳಿದರೆ, ಅದಾ, ಓಡಲಿಲ್ಲವಲ್ಲ ಎಂದರು. ನಾನು ಅದನ್ನು ಇವತ್ತಿಗೂ ಪೂರ್ತಿ ನೋಡಿಲ್ಲ.

ಈಗ ಚನ್ನಗಿರಿಯಲ್ಲಿ ಯಾರಾದರೂ ಆ ದೋಣಿ ಹಾಡಿನ ಮಾತೆತ್ತಿದರೆ ನಾನು ಆಪರೇಟರನ ಕಥೆ ಹೇಳುವುದಿಲ್ಲ. ಕತ್ತರಿ, ಅಂಟು, ಸಾಕ್ಷಿ ಯಾವುದನ್ನೂ ಹೇಳುವುದಿಲ್ಲ. ಆ ಹಾಡು ಆ ಚಿತ್ರದ್ದಲ್ಲ, ಜಗಳೂರಿನ ಮೇಷ್ಟ್ರು ಹೇಳಿದ್ದಾರೆ ಎನ್ನುತ್ತೇನೆ. ಅವರು ಹೇಳಿದರೆ ಆಯಿತೇ ಎಂದು ಕೇಳುತ್ತಾರೆ. ಹೌದು, ಆಯಿತು ಎನ್ನುತ್ತೇನೆ.